ಅಮ್ಮನ ಕಾಯಿಲೆಗೆ ಹೆಸರು ಹುಡುಕಿಕೊಟ್ಟವರಿಗೆ

ಕಳೆದ ವಾರ ಅಮ್ಮನ ವರ್ಷದ ಕಾರ್ಯ ಮುಗಿಯಿತು. ಥ್ಯಾಂಕ್ಸ್ ಹೇಳಬೇಕಾದವರು ತುಂಬ ಜನ ಇದ್ದಾರೆ. ಅವರಲ್ಲಿ ಅರ್ಧ ಮಂದಿಯ ಮುಖವನ್ನೂ ನಾನು ನೋಡಿಲ್ಲ.

ಅಮ್ಮನಿಗೆ ಬಂದದ್ದು ಸಿಜೆಡಿ, ಪೂರ್ತಿ ಹೆಸರು ಕ್ರಾಯ್ಟ್ಸ್‌ಫೆಲ್ಟ್-ಜಾಕೋಬ್ ಕಾಯಿಲೆ. ಮಿದುಳಿನ ಪ್ರಿಯಾನ್ ಎಂಬ ಪ್ರೋಟೀನ್ ತಪ್ಪಾಗಿ ಮಡಚಿಕೊಳ್ಳುತ್ತದೆ, ಸರಿಯಿರುವ ಪ್ರೋಟೀನನ್ನೂ ತನ್ನ ದಾರಿಗೆ ಎಳೆಯುತ್ತದೆ. ವೈರಸ್ಸೂ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಬಂದರೆ ಔಷಧಿ ಇಲ್ಲ.

ಮೊದಲು ನಡಿಗೆ ತಪ್ಪಿತು, ಆಮೇಲೆ ಮಾತು. ಶುರುವಿನಲ್ಲಿ ತೋರಿಸಿದ ಕಡೆ "ವಯಸ್ಸಾಯ್ತಲ್ಲ, ಸ್ವಲ್ಪ ಡಿಪ್ರೆಶನ್" ಅಂದು ಮಾತ್ರೆ ಬರೆದುಕೊಟ್ಟರು. ಕೆಲವೇ ವಾರಗಳಲ್ಲಿ ಸಣ್ಣ ಸದ್ದಾದರೂ ಮೈಯೆಲ್ಲ ಜಗ್ಗತೊಡಗಿತು. ಕುಕ್ಕರ್ ಕೂಗಿದರಂತೂ ಮಂಚದಿಂದ ಬೀಳುವಷ್ಟು ಬೆಚ್ಚುತ್ತಿದ್ದಳು. ನಮ್ಮ ಕುಕ್ಕರ್ ಅಟ್ಟ ಸೇರಿತು. ಆದರೆ ಪಕ್ಕದ ಮನೆಗೂ ನಮಗೂ ಇರುವುದು ಒಂದೇ ಗೋಡೆ. ನಾವು ಬಾಯಿಬಿಟ್ಟು ಕೇಳಲೇ ಇಲ್ಲ. ಪಕ್ಕದ ಮನೆ ಆಂಟಿ ತಾವಾಗಿಯೇ ಬೇಳೆಯನ್ನು ಪಾತ್ರೆಯಲ್ಲಿ ಬೇಯಿಸತೊಡಗಿದರು, ಅಮ್ಮ ಹೋಗುವವರೆಗೂ. ಎಷ್ಟು ಗ್ಯಾಸ್ ಖಾಲಿಯಾಯಿತೋ! ಆಂಟಿ, ಮೊದಲ ನಮಸ್ಕಾರ ನಿಮಗೆ.

ಆಮೇಲೆ ನಿಮ್ಹಾನ್ಸ್. ಎಂಆರ್‌ಐಯಲ್ಲಿ ಮಿದುಳಿನ ಹೊರಪದರದ ಉದ್ದಕ್ಕೂ ಬಿಳಿ ರಿಬ್ಬನ್ ಇಟ್ಟಂತೆ ಹೊಳೆಯುತ್ತಿತ್ತು. ಡಾಕ್ಟರ್ ಸ್ಕ್ರೀನನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ಸುಳ್ಳು ಭರವಸೆ ಕೊಡಲಿಲ್ಲ. ಅವರಿಗೂ ಥ್ಯಾಂಕ್ಸ್.

ಆ ಬಿಳಿ ಗೆರೆ ನೋಡಿ ಕಾಯಿಲೆಯ ಹೆಸರು ಹೇಳುವ ವಿದ್ಯೆ ಸುಮ್ನೆ ಬಂದದ್ದಲ್ಲ. ಇಷ್ಟು ಅಪರೂಪದ ಕಾಯಿಲೆಯನ್ನು ಒಂದು ದೇಶ ಒಂಟಿಯಾಗಿ ಕಲಿಯುವುದು ಕಷ್ಟ, ಕಲಿಯಲು ಬೇಕಾದಷ್ಟು ರೋಗಿಗಳೇ ಸಿಗುವುದಿಲ್ಲ. ಹಸುಗಳಿಗೆ ಬರುವ ಇಂಥದೇ ಪ್ರಿಯಾನ್ ಕಾಯಿಲೆಯಾದ ಹುಚ್ಚು ಹಸು ಕಾಯಿಲೆ ಮನುಷ್ಯರಿಗೂ ದಾಟೀತೆಂಬ ಭಯದಲ್ಲಿ ಬ್ರಿಟನ್ 1990ರಲ್ಲಿ ಎಡಿನ್‌ಬರಾದಲ್ಲಿ ಒಂದು ಘಟಕ ತೆರೆದು ಸಿಜೆಡಿ ರೋಗಿಗಳನ್ನು ಎಣಿಸತೊಡಗಿತು. 1993ರಿಂದ ಫ್ರಾನ್ಸ್, ಜರ್ಮನಿ, ಇಟಲಿಯಂಥ ದೇಶಗಳೂ ಅದೇ ಅಳತೆಗೋಲು ಹಿಡಿದವು. ಹೀಗೆ ಎಣಿಕೆ ಮೊದಲೇ ನಡೆಯುತ್ತಿದ್ದರಿಂದ 1996ರಲ್ಲಿ ಹತ್ತು ಕಿರಿಯ ರೋಗಿಗಳು ಬೇರೆ ಥರ ಇದ್ದಾರೆ ಅನ್ನುವುದು ಗೊತ್ತಾಯಿತು. ಅದು ಹಸುವಿನಿಂದ ಮನುಷ್ಯರಿಗೆ ದಾಟಿದ ಕಾಯಿಲೆ.

ಭಯ ಇದ್ದಾಗ ದುಡ್ಡೂ ಬಂತು. ಐರೋಪ್ಯ ಒಕ್ಕೂಟ 2004ರಲ್ಲಿ ನ್ಯೂರೋಪ್ರಿಯಾನ್ ಎಂಬ ಜಾಲಕ್ಕೆ ಹಣ ಕೊಟ್ಟಿತು. 20 ದೇಶಗಳ ಐವತ್ತಕ್ಕೂ ಜಾಸ್ತಿ ಸಂಸ್ಥೆಗಳು ಅದರಲ್ಲಿ ಸೇರಿದವು. ಹಸುವಿನ ಭಯ ಇಳಿದ ಮೇಲೆ ಸರ್ಕಾರಗಳ ಉತ್ಸಾಹವೂ ಇಳಿಯಿತು. ಇದನ್ನು ಓದಿದಾಗ ನನಗೆ ಸಿಟ್ಟೇ ಬಂತು. ಯಾಕೆಂದರೆ ನೂರರಲ್ಲಿ ಸುಮಾರು 85 ರೋಗಿಗಳಿಗೆ ಹಸುವಿನ ಸಂಬಂಧವೇ ಇಲ್ಲ, ಅಮ್ಮನ ಹಾಗೆ ತಾನಾಗಿಯೇ ಬರುತ್ತದೆ. ಅವರೇನು ಕಡಿಮೆ ರೋಗಿಗಳಾ? ಆದರೂ ವಿಜ್ಞಾನಿಗಳು ವರ್ಷವರ್ಷ ಒಟ್ಟು ಸೇರುವುದನ್ನು ಬಿಡಲಿಲ್ಲ. ಅಮೆರಿಕದಲ್ಲಿ ರೋಗಿಗಳ ಮನೆಯವರು 1993ರಲ್ಲೇ ಸಿಜೆಡಿ ಫೌಂಡೇಶನ್ ಕಟ್ಟಿದ್ದರು. ತಮ್ಮವರನ್ನು ಕಳೆದುಕೊಂಡವರು ಚಂದಾ ಎತ್ತಿ ಲ್ಯಾಬ್‌ಗಳಿಗೆ ಕೊಡುತ್ತಾರೆ. ಆ ಮನೆಗಳವರಿಗೆ ದೊಡ್ಡ ನಮಸ್ಕಾರ.

ಬೆನ್ನುಹುರಿಯ ನೀರಿನಲ್ಲೇ ಈ ಪ್ರಿಯಾನ್ ಹಿಡಿಯುವ ಆರ್‌ಟಿ-ಕ್ವಿಕ್ ಪರೀಕ್ಷೆಯನ್ನೇ ನೋಡಿ. ಲ್ಯಾಬಿನಲ್ಲಿ ತಯಾರಿಸಿದ ಪ್ರೋಟೀನಿಗೆ ರೋಗಿಯ ಒಂದು ಹನಿ ಸೇರಿಸಿ ಅಲುಗಾಡಿಸುತ್ತಾರೆ. ಕೆಟ್ಟ ಪ್ರಿಯಾನ್ ಇದ್ದರೆ ಅದು ಹಬ್ಬಿ, ಬಣ್ಣ ಬೆಳಗುತ್ತದೆ. 2011ರಲ್ಲಿ ಇದನ್ನು ರೋಗಿಗಳ ಮಾದರಿಗಳ ಮೇಲೆ ತೋರಿಸಿಕೊಟ್ಟಾಗ ಜಪಾನಿನವರೂ ಆಸ್ಟ್ರೇಲಿಯಾದವರೂ ಜೊತೆಗಿದ್ದರು. ಆಮೇಲೆ ಬೇರೆ ಬೇರೆ ದೇಶಗಳ ಲ್ಯಾಬ್‌ಗಳು ಒಂದೇ ಮಾದರಿಗಳನ್ನು ಹಂಚಿಕೊಂಡು, ಉತ್ತರ ತಾಳೆಯಾಗುತ್ತದಾ ಅಂತ ನೋಡಿದವು. ತಾಳೆಯಾಯಿತು.

ನಮ್ಮಲ್ಲೂ ಎಣಿಸಿದವರಿದ್ದಾರೆ. 1971ರಿಂದ 1990ರವರೆಗಿನ ಭಾರತದ ರೋಗಿಗಳ ವಿವರ ಒಟ್ಟುಗೂಡಿಸಿ ನಿಮ್ಹಾನ್ಸಿನ ಡಾ. ಪಿ. ಸತೀಶ್‌ಚಂದ್ರ ಮತ್ತು ಡಾ. ಎಸ್. ಕೆ. ಶಂಕರ್ 1991ರಲ್ಲಿ ಪ್ರಕಟಿಸಿದರು. 1995ರಲ್ಲಿ ಅಲ್ಲೇ, ಸತ್ತವರ ಮನೆಯವರು ದಾನ ಕೊಟ್ಟ ಮಿದುಳನ್ನು ಅಧ್ಯಯನಕ್ಕೆ ಕಾಪಿಡುವ ಮಿದುಳು ಬ್ಯಾಂಕ್ ಶುರುವಾಯಿತು.

"ಅಂಟುತ್ತಾ?" ಅಂತ ಕೇಳಿ ಬಾಗಿಲಲ್ಲೇ ನಿಂತ ನೆಂಟರಿಗೂ ಒಂದು ಮಾತು. ಮುಟ್ಟಿದರೆ ಅಂಟುವುದಿಲ್ಲ, ಜೊತೆಗೆ ಉಂಡರೂ ಇಲ್ಲ. ಮಿದುಳಿನ ಆಪರೇಶನ್ನಿನ ಸಲಕರಣೆ, ಹಿಂದೆ ಸತ್ತವರ ಪಿಟ್ಯುಟರಿ ಗ್ರಂಥಿಯಿಂದ ತೆಗೆಯುತ್ತಿದ್ದ ಬೆಳವಣಿಗೆ ಹಾರ್ಮೋನ್, ಇಂಥವುಗಳಿಂದ ದಾಟಿದ್ದುಂಟು. ಮನೆಗೆ ಬರುತ್ತಿದ್ದ ನರ್ಸ್ ಅಕ್ಕನಿಗೆ ಇದು ಗೊತ್ತಿತ್ತು. ದಿನಾ ಅಮ್ಮನ ತಲೆ ಬಾಚಿ, ಬಿಗಿಯಾಗಿ ಜಡೆ ಹಾಕಿ ಹೋಗುತ್ತಿದ್ದರು. ಅಕ್ಕಾ, ನಿಮ್ಮ ಋಣ ತೀರುವುದಿಲ್ಲ.

ಕೊನೆಗೆ ಸೋದರಮಾವ. ಮಿದುಳು ದಾನ ಅಂದಾಗ ಮನೆಯಲ್ಲಿ ಜಾಸ್ತಿ ವಿರೋಧ ಮಾಡಿದ್ದೇ ಅವರು. "ನನ್ನ ಅಕ್ಕನನ್ನು ಕೊಯ್ಯೋದು ಬೇಡ" ಅಂದರು. ಪಪುವಾ ನ್ಯೂಗಿನಿಯ ಫೋರೆ ಜನರ ಕಥೆ ಹೇಳಿದೆ. 1950ರ ದಶಕದಲ್ಲಿ ಕುರು ಎಂಬ ಇಂಥದೇ ಕಾಯಿಲೆ ಆ ಊರುಗಳನ್ನು ಖಾಲಿ ಮಾಡುತ್ತಿತ್ತು. ಅವರು ತಮ್ಮವರ ಮಿದುಳು ಕೊಟ್ಟಿದ್ದರಿಂದ ತಾನೇ ಈ ಕಾಯಿಲೆ ದಾಟುತ್ತದೆ ಅನ್ನುವುದು ತಿಳಿದದ್ದು? ಮಾವ ಏನೂ ಹೇಳದೆ ಎದ್ದು ಹೋದರು. ಅಮ್ಮ ಹೋದ ರಾತ್ರಿ ಮಿದುಳು ಬ್ಯಾಂಕಿಗೆ ಫೋನ್ ಮಾಡಿದವರು ಅವರೇ, ಸಹಿ ಹಾಕಿದವರೂ ಅವರೇ. ರಿಪೋರ್ಟಿನಲ್ಲಿ ಸಿಜೆಡಿ ಅಂತಲೇ ಬಂತು. ಮಾವ, ಥ್ಯಾಂಕ್ಸ್.

ಮನೆಯಲ್ಲಿ ಇಂಥ ರೋಗಿ ಇದ್ದರೆ ದಾನದ ಮಾತನ್ನು ಮೊದಲೇ ಆಡಿಕೊಳ್ಳಿ. ಜೀವ ಹೋದ ಮೇಲೆ ಉಳಿಯುವುದು ಕೆಲವೇ ಗಂಟೆ. ಏನಾದರೂ ಕೇಳಬೇಕಿದ್ದರೆ ನನಗೆ ಮೆಸೇಜ್ ಮಾಡಿ, ಗೊತ್ತಿದ್ದಷ್ಟು ಹೇಳುತ್ತೇನೆ.