ಕಾಸರಗೋಡಿನ ಲೋಕಸಭಾ ಸದಸ್ಯರಿಗೆ: ದಯಾ ಅರ್ಜಿ ತಳ್ಳಿಹಾಕುವವರು ಕಾರಣ ಹೇಳಲಿ

ಮಾನ್ಯರೇ,

ಕಯ್ಯೂರು ನಿಮ್ಮದೇ ಕ್ಷೇತ್ರದ ಊರು. ಅಲ್ಲಿನ ನಾಲ್ವರು ರೈತ ಹುಡುಗರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದ ಕತೆ ನಿಮಗೆ ಗೊತ್ತೇ ಇದೆ. ನಾನು ಬರೆಯುತ್ತಿರುವುದು ಅವರ ದಯಾ ಅರ್ಜಿಯ ಬಗ್ಗೆ.

1941ರ ಮಾರ್ಚ್‌ನಲ್ಲಿ ರೈತರ ಮೆರವಣಿಗೆಗೆ ಸುಬ್ಬರಾಯನ್ ಎಂಬ ಪೊಲೀಸ್ ಪೇದೆ ಸಿಕ್ಕಿಬಿದ್ದ. ಅವನ ಕೈಗೆ ಬಾವುಟ ಕೊಟ್ಟು ಮುಂದೆ ನಡೆಸಿದರು. ತಪ್ಪಿಸಿಕೊಳ್ಳಲು ಹೊಳೆಗೆ ಹಾರಿದವನು ಮೇಲೆ ಬರಲಿಲ್ಲ. ಅವನದೂ ಜೀವವೇ, ಅದನ್ನು ಮರೆಯಬಾರದು. ಮಂಗಳೂರಿನ ಕೋರ್ಟು ಮಠತ್ತಿಲ್ ಅಪ್ಪು, ಚಿರುಕಂಡನ್, ಕುಞ್ಞಂಬು ನಾಯರ್, ಅಬೂಬಕ್ಕರ್ ಅವರಿಗೆ ಗಲ್ಲು ಶಿಕ್ಷೆ ಕೊಟ್ಟಿತು. ಚೂರಿಕ್ಕಾಡನ್ ಕೃಷ್ಣನ್ ನಾಯರ್ ಇನ್ನೂ ಚಿಕ್ಕವನೆಂದು ಉಳಿದುಕೊಂಡ.

ಬ್ರಿಟಿಷ್ ಸರ್ಕಾರಕ್ಕೆ ಅವರ ದಯಾ ಅರ್ಜಿ ಸುಲಭದ ವಿಷಯವಾಗಿರಲಿಲ್ಲ. ಸತ್ತವನು ತನ್ನದೇ ಪೊಲೀಸು. ಕ್ವಿಟ್ ಇಂಡಿಯಾ ಗಲಾಟೆ ಇನ್ನೂ ಆರಿರಲಿಲ್ಲ. ಆದರೆ ಈ ಹುಡುಗರ ಕಮ್ಯುನಿಸ್ಟ್ ಪಕ್ಷ ಆ ಹೊತ್ತಿಗೆ ಎರಡನೇ ಮಹಾಯುದ್ಧದಲ್ಲಿ ಸರ್ಕಾರಕ್ಕೆ ಬೆಂಬಲ ಕೊಡುತ್ತಿತ್ತು. ಅದರ ಮೇಲಿನ ನಿಷೇಧವನ್ನು 1942ರಲ್ಲಿ ಸರ್ಕಾರವೇ ತೆಗೆದಿತ್ತು. ಕಯ್ಯೂರು ಆಗ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ ಚುನಾಯಿತ ಮಂತ್ರಿಮಂಡಲ 1939ರಲ್ಲೇ ರಾಜೀನಾಮೆ ಕೊಟ್ಟಿದ್ದರಿಂದ ಆಡಳಿತವೆಲ್ಲ ಗವರ್ನರ್ ಕೈಯಲ್ಲಿತ್ತು. ದಯೆ ತೋರಿಸಲಿಲ್ಲ. ಯಾಕೆ ಎಂದು ಶಾಸನಸಭೆಯಲ್ಲಿ ನಿಂತು ಕೇಳುವವರೂ ಇರಲಿಲ್ಲ.

ಎರಡೇ ವರ್ಷ ಕಳೆದು, 1945ರಲ್ಲಿ, ಕ್ವಿಟ್ ಇಂಡಿಯಾ ಸಮಯದಲ್ಲಿ ಈಗಿನ ಮಹಾರಾಷ್ಟ್ರದಲ್ಲಿ ನಡೆದ ಚಿಮೂರು-ಆಷ್ಟಿ ಪ್ರಕರಣದಲ್ಲಿ ಗಲ್ಲಿಗೆ ಕಾಯುತ್ತಿದ್ದವರಿಗೆ ಅದೇ ಬ್ರಿಟಿಷ್ ಸರ್ಕಾರ ಜೀವದಾನ ಕೊಟ್ಟಿತು. ಅಲ್ಲೂ ಪೊಲೀಸರು, ಅಧಿಕಾರಿಗಳು ಸತ್ತಿದ್ದರು. ಆದರೆ ಯುದ್ಧ ಮುಗಿಯುತ್ತಾ ಬಂದಿತ್ತು, ಗಾಂಧೀಜಿ ಅವರ ಪರ ದನಿ ಎತ್ತಿದ್ದರು. ಜೀವ ಉಳಿಯುವುದು ಕಾಲ ನೋಡಿ, ಕೇಳುವವರು ಯಾರೆಂದು ನೋಡಿ ಅಂತಾದರೆ ಅದನ್ನು ದಯೆ ಅನ್ನೋಕಾಗುತ್ತಾ?

ಈಗ ನಮ್ಮ ಕಾನೂನಿಗೆ ಬರುತ್ತೇನೆ. ಅಪರಾಧ ವಿಚಾರಣೆಯ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 472ನೇ ಕಲಂ ಪ್ರಕಾರ, ರಾಷ್ಟ್ರಪತಿ ಅಥವಾ ರಾಜ್ಯಪಾಲರು ದಯಾ ಅರ್ಜಿಯ ಮೇಲೆ ಹೇಗೆ ತೀರ್ಮಾನಕ್ಕೆ ಬಂದರು ಎಂದು ಯಾವ ಕೋರ್ಟೂ ವಿಚಾರಿಸುವಂತಿಲ್ಲ. ಈ ಕಲಂ ಬರುವ ಮೊದಲು, 2014ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ 15 ಜನರ ಗಲ್ಲು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದ್ದು ಹೇಗೆ? ಅರ್ಜಿಗಳು ಏನಾದವು, ಎಷ್ಟು ವರ್ಷ ಸುಮ್ನೆ ಬಿದ್ದಿದ್ದವು ಎಂದು ಕೆದಕಿ ನೋಡಿದ್ದರಿಂದಲೇ ಅಲ್ವಾ? ಅವರಲ್ಲಿ ನಾಲ್ವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ವೀರಪ್ಪನ್ ಸಹಚರರು. ಅವರ ಮೇಲೆ ಯಾರಿಗೂ ಪ್ರೀತಿ ಇರಬೇಕಿಲ್ಲ. ಪ್ರೀತಿ ಇಲ್ಲದವರ ವಿಷಯದಲ್ಲೇ ಇಂಥ ಪ್ರಶ್ನೆ ಜಾಸ್ತಿ ಬೇಕಾಗುವುದು.

ಮುಂದಿನ ಅಧಿವೇಶನದಲ್ಲಿ ನೀವೊಂದು ಖಾಸಗಿ ಮಸೂದೆ ತನ್ನಿ. ಕೋರ್ಟಿನ ಕೈ ಕಟ್ಟುವ ಆ ಮಾತು ಹೋಗಲಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಕೈದಿಗೂ ಅವನ ಮನೆಯವರಿಗೂ ಅವರ ಭಾಷೆಯಲ್ಲಿ ಬರೆದು ಕೊಡುವುದು ಕಡ್ಡಾಯವಾಗಲಿ. ಕಯ್ಯೂರಿನ ಹುಡುಗರ ದಯಾ ಅರ್ಜಿಗೆ ಸಂಬಂಧಪಟ್ಟ ಕಡತಗಳ ಪ್ರತಿಗಳನ್ನೂ ತರಿಸಿ, ನಮ್ಮ ಜಿಲ್ಲೆಯ ಲೈಬ್ರರಿಗಳಲ್ಲಿ ಇಡಿಸಿ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಕನ್ನಡಿಗ ಮತದಾರ