ಸರ್ವರ್ ಕೆಟ್ಟಿರಲಿಲ್ಲ, ಶೆಲ್‌ಗೆ ಹಳೇ ಜಾಗ ನೆನಪಿತ್ತು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ತಪ್ಪು ಸಲಹೆ ಕೊಟ್ಟು ಸರ್ವರ್ ರೀಇನ್‌ಸ್ಟಾಲ್ ಮಾಡಿಸಿದ್ದರ ಬಗ್ಗೆ

ಮಾನ್ಯರೇ,

ನಮ್ಮ ಪ್ರಿಂಟಿಂಗ್ ಪ್ರೆಸ್ಸಿನ ಆರ್ಡರ್‌ಗಳೆಲ್ಲ ನಿಮ್ಮಿಂದ ಬಾಡಿಗೆಗೆ ಪಡೆದ ಲಿನಕ್ಸ್ ಸರ್ವರ್‌ನಲ್ಲಿವೆ. ಕಳೆದ ವಾರ ನಿಮ್ಮ ಬ್ಯಾಕಪ್ ಟೂಲ್ ಅಪ್‌ಡೇಟ್ ಆಯಿತು. ಆಮೇಲೆ ಅದರ ಕಮಾಂಡ್ ಕೊಟ್ಟರೆ ‘/ಯುಎಸ್‌ಆರ್/ಲೋಕಲ್/ಬಿನ್’ ಫೋಲ್ಡರ್‌ನಲ್ಲಿ ಅಂಥ ಫೈಲ್ ಇಲ್ಲ ಎಂಬ ಉತ್ತರ. ಕಮಾಂಡ್‌ನ ಫೈಲ್ ಎಲ್ಲಿದೆ ಎಂದು ಹೇಳುವ ‘ವಿಚ್’ ಕೊಟ್ಟು ಕೇಳಿದರೆ ‘/ಯುಎಸ್‌ಆರ್/ಬಿನ್’ನಲ್ಲಿ ಇದೆ ಎನ್ನುತ್ತಿತ್ತು.

ನಿಮ್ಮ ಸಪೋರ್ಟ್‌ನವರು ಡಿಸ್ಕ್ ಹಾಳಾಗಿದೆ, ಎಲ್ಲ ಅಳಿಸಿ ಹೊಸದಾಗಿ ಹಾಕಿಸಿ ಎಂದರು. ಅದಕ್ಕೆ 2,500 ರೂಪಾಯಿ ಶುಲ್ಕ ಬೇರೆ. ನಂಬಿ ಕಟ್ಟಿದೆ. ಲಗ್ನಪತ್ರಿಕೆಗಳ ಸೀಸನ್‌ನಲ್ಲಿ ಎರಡು ದಿನ ಕೆಲಸ ನಿಂತಿತು.

ಡಿಸ್ಕ್‌ಗೆ ಏನೂ ಆಗಿರಲಿಲ್ಲ. ನಾವು ಬಳಸುವುದು ಬ್ಯಾಷ್ ಶೆಲ್, ಅಂದರೆ ಹೊಡೆದ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ. ಒಂದು ಕಮಾಂಡನ್ನು ಮೊದಲ ಸಲ ಕೊಟ್ಟಾಗ ಅದು ‘ಪಾತ್’ ಪಟ್ಟಿಯ ಫೋಲ್ಡರ್‌ಗಳನ್ನು ಒಂದೊಂದಾಗಿ ಹುಡುಕುತ್ತದೆ. ಸಿಕ್ಕ ಜಾಗವನ್ನು ಹ್ಯಾಶ್ ಟೇಬಲ್ ಎಂಬ ತನ್ನ ನೆನಪಿನ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಹುಡುಕುವುದಿಲ್ಲ, ನೇರ ಅಲ್ಲಿಗೇ ಹೋಗುತ್ತದೆ. ನಾನು ವಾರಗಟ್ಟಲೆ ಮುಚ್ಚದೆ ಇಟ್ಟಿದ್ದ ಟರ್ಮಿನಲ್‌ಗೆ ಹಳೇ ಜಾಗ ನೆನಪಿತ್ತು. ನಿಮ್ಮ ಅಪ್‌ಡೇಟ್ ಫೈಲನ್ನು ಅಲ್ಲಿಂದ ಎತ್ತಿ ಬೇರೆ ಕಡೆ ಇಟ್ಟಿತ್ತು. ‘ವಿಚ್’ ಬೇರೆಯೇ ಪ್ರೋಗ್ರಾಂ. ಅದು ಪ್ರತಿ ಸಲ ಹೊಸದಾಗಿ ಹುಡುಕುತ್ತದೆ, ಶೆಲ್‌ನ ನೆನಪು ಅದಕ್ಕೆ ಕಾಣುವುದಿಲ್ಲ. ಶೆಲ್‌ನದೇ ‘ಟೈಪ್’ ಕಮಾಂಡ್ ಕೊಡಿ ಎಂದು ಒಬ್ಬರಾದರೂ ಹೇಳಿದ್ದರೆ ಹಳೇ ಜಾಗ ಅಲ್ಲೇ ಕಾಣುತ್ತಿತ್ತು. ‘ಹ್ಯಾಶ್ -ಆರ್’ ಎಂದು ಒಂದು ಸಾಲು ಹೊಡೆದಿದ್ದರೆ ನೆನಪು ಅಳಿಸಿ ಎಲ್ಲ ಸರಿಯಾಗುತ್ತಿತ್ತು. ಅಷ್ಟೇ ಯಾಕೆ, ಟರ್ಮಿನಲ್ ಮುಚ್ಚಿ ಮತ್ತೆ ಲಾಗಿನ್ ಆಗಿದ್ದರೂ ಸಾಕಿತ್ತು.

ನನಗೆ ಜಾಸ್ತಿ ನೋವಾಗಿದ್ದು ಇದಕ್ಕೆ: ಅದೇ ಹೊತ್ತಿಗೆ ನಮ್ಮ ಹುಡುಗ ತನ್ನ ಲಾಗಿನ್‌ನಿಂದ ಅದೇ ಕಮಾಂಡ್ ಕೊಟ್ಟಾಗ ಅದು ಕೆಲಸ ಮಾಡಿತ್ತು. ಅದನ್ನು ನಿಮಗೆ ಕಳಿಸಿದ ದೂರಿನ ಟಿಕೆಟ್‌ನಲ್ಲಿ ಬರೆದಿದ್ದೆ. ಪ್ರತಿ ಶೆಲ್‌ನ ನೆನಪು ಬೇರೆ ಬೇರೆ, ಅಲ್ವಾ? ಡಿಸ್ಕ್ ಹಾಳಾಗಿದ್ದರೆ ಅವನಿಗೆ ಮಾತ್ರ ಹೇಗೆ ನಡೆಯುತ್ತಿತ್ತು? ಆ ಸಾಲನ್ನು ಯಾರೂ ಓದಲೇ ಇಲ್ಲ.

2,500 ರೂಪಾಯಿ ವಾಪಸ್ ಕೊಡಿ. ಫೈಲ್‌ನ ಜಾಗ ಬದಲಾಯಿಸುವ ಅಪ್‌ಡೇಟ್ ಮುಗಿದಾಗ ‘ಹ್ಯಾಶ್ -ಆರ್ ಕೊಡಿ, ಇಲ್ಲವೇ ಮತ್ತೆ ಲಾಗಿನ್ ಆಗಿ’ ಎಂಬ ಸೂಚನೆ ತೆರೆಯ ಮೇಲೆ ಬರುವಂತೆ ಮಾಡಿ. ಟಿಕೆಟ್ ನೋಡುವವರಿಗೆ ಇದನ್ನು ಕಲಿಸಿ. 15 ದಿನದೊಳಗೆ ಲಿಖಿತ ಉತ್ತರ ಬೇಕು.

ಇಂತಿ,
ನಿಮ್ಮ ಗ್ರಾಹಕ