ರಾಕ್ ಬ್ಯಾಂಡ್‌ಗೆ ನಾಟಕದ ಮೈಕ್‌ಸೆಟ್ ಸಾಲದು

ಮಾನ್ಯ ಸಂಪಾದಕರೇ,

ಗಣಪತಿ ಸಮಿತಿಗಳು ಚಂದಾ ಪುಸ್ತಕ ಅಚ್ಚು ಹಾಕಿಸುವ ಹೊತ್ತಿಗೆ ನಮ್ಮೂರಿನ ಬ್ಯಾಂಡ್ ಹುಡುಗರ ಮೇಲೆ ಹಳೇ ದೂರು ಹೊಸದಾಗಿ ಶುರುವಾಗುತ್ತದೆ: ‘ಹಾಡು ಒಂದಕ್ಷರ ಕೇಳಿಸಲ್ಲ, ಬರೀ ಗದ್ದಲ.’ ದೂರು ಸುಳ್ಳಲ್ಲ. ಆದರೆ ಇಂಗ್ಲಿಷ್ ಹಾಡು, ಗಿಟಾರಿನ ಡಿಸ್ಟಾರ್ಷನ್, ಹುಡುಗರ ಉದ್ದ ಕೂದಲು ಇವುಗಳ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಬಹುಪಾಲು ಸಲ ಎಡವಟ್ಟಾಗುವುದು ಧ್ವನಿ ವ್ಯವಸ್ಥೆಯಲ್ಲಿ. ಅದನ್ನು ಕಾರ್ಯಕ್ರಮ ಮಾಡಿಸುವವರೇ ಸರಿಪಡಿಸಬಹುದು.

ತುಮಕೂರು ಪೌರಾಣಿಕ ನಾಟಕದ ಜಿಲ್ಲೆ. ಇಲ್ಲಿನ ಮೈಕ್‌ಸೆಟ್ ಅಂಗಡಿಗಳು ಬೆಳೆದದ್ದೇ ನಾಟಕ ನಂಬಿಕೊಂಡು. ಹಾರ್ಮೋನಿಯಂಗೊಂದು, ತಬಲಕ್ಕೊಂದು ಮೈಕು, ರಂಗದ ಮೇಲಿನಿಂದ ಇಳಿಬಿಟ್ಟ ಮೂರ್ನಾಲ್ಕು ಮೈಕು, ಕಂಬಕ್ಕೆ ಕಟ್ಟಿದ ಹಾರ್ನ್. ಮಾತು, ಕಂದಪದ್ಯ ಪಕ್ಕದ ಹಳ್ಳಿಗೂ ಮುಟ್ಟಬೇಕೆಂದರೆ ಇಷ್ಟು ಸಾಕು. ಆದರೆ ಹಾರ್ನ್ ಸ್ಪೀಕರ್ ಸುಮಾರು 300 ಹರ್ಟ್ಸ್‌ಗಿಂತ ಕೆಳಗೆ, ಅಂದರೆ ಸೆಕೆಂಡಿಗೆ 300 ಕಂಪನಕ್ಕಿಂತ ದಪ್ಪನೆಯ ಸ್ವರಗಳಿಗೆ, ಹೆಚ್ಚುಕಮ್ಮಿ ಮೂಕ. ಗಿಟಾರಿನ ಅತಿ ದಪ್ಪ ತಂತಿ 82 ಹರ್ಟ್ಸ್‌ನಲ್ಲಿ, ಬೇಸ್ ಗಿಟಾರಿನದು 41ರಲ್ಲಿ ಮಿಡಿಯುತ್ತದೆ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನ ತೂಕವೆಲ್ಲ 50ರಿಂದ 100ರ ನಡುವೆ. ಅಂದರೆ ರಾಕ್ ಹಾಡಿನ ಬುಡವೇ ಹಾರ್ನ್‌ನಲ್ಲಿ ಕಾಣೆ, ಉಳಿಯುವುದು ಸಿಂಬಲ್ಲಿನ, ಅಂದರೆ ಡ್ರಮ್ಸಿನ ಲೋಹದ ತಟ್ಟೆಯ, ಕಿರಿಕಿರಿ ಮತ್ತು ಗಿಟಾರಿನ ಕರಕರ. ತನ್ನ ಸದ್ದು ಕೇಳದ ಬೇಸ್ ವಾದಕ ವಾಲ್ಯೂಮ್ ತಿರುಗಿಸುತ್ತಾನೆ, ಹಾರ್ನ್‌ನ ಡಯಾಫ್ರಂ ಒಡೆಯುತ್ತದೆ, ಅಂಗಡಿಯವರಿಗೂ ಬ್ಯಾಂಡಿನವರಿಗೂ ಜಗಳ.

ಬೀದಿಯ ಪೆಂಡಾಲಿನಲ್ಲಿ ಮುನ್ನೂರು ಜನ ಕೂರುತ್ತಾರೆ ಎಂದುಕೊಳ್ಳಿ. ದನಿಗೂ ಗಿಟಾರಿಗೂ 15 ಇಂಚಿನ ಎರಡು ಟಾಪ್ ಸ್ಪೀಕರ್, ದಪ್ಪ ಸದ್ದಿಗೆ 18 ಇಂಚಿನ ಎರಡು ಬೇಸ್ ಬಾಕ್ಸ್, 12 ಚಾನೆಲ್ ಮಿಕ್ಸರ್, ವೇದಿಕೆಯ ಮೇಲೆ ವಾದಕರಿಗೇ ಕೇಳಿಸುವ ಎರಡು ಮಾನಿಟರ್ ಸ್ಪೀಕರ್, ಗಿಟಾರ್ ಮತ್ತು ಕೀಬೋರ್ಡನ್ನು ಮಿಕ್ಸರಿಗೆ ಜೋಡಿಸುವ ಡಿಐ ಬಾಕ್ಸ್. ಇಷ್ಟನ್ನು ಚೀಟಿಯಲ್ಲಿ ಬರೆದು, ಮುಂಗಡ ಕೊಡುವಾಗಲೇ ಅಂಗಡಿಯವರಿಗೆ ಕೊಡಬೇಕು. ‘ಬ್ಯಾಂಡ್ ಇದೆ, ಸೆಟ್ ಕಳಿಸಿ’ ಎಂದಷ್ಟೇ ಹೇಳಿದರೆ ಭಾಷಣದ ಸೆಟ್ಟೇ ಬರುತ್ತದೆ.

ಡ್ರಮ್ಸ್ ವಿಷಯದಲ್ಲಿ ಬೇರೆಯದೇ ಲೆಕ್ಕ. ಜೋರಾಗಿ ನುಡಿಸಿದರೆ ಒಂದು ಮೀಟರ್ ದೂರದಲ್ಲಿ ಸದ್ದು 100 ಡೆಸಿಬಲ್ ದಾಟುತ್ತದೆ. ಬಯಲಲ್ಲಿ ದೂರ ದುಪ್ಪಟ್ಟಾದಂತೆ 6 ಡೆಸಿಬಲ್ ಇಳಿಯುವುದರಿಂದ 16 ಮೀಟರ್ ಆಚೆಗೂ 76ರಷ್ಟು ಉಳಿದಿರುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಸಾರ್ವಜನಿಕ ಜಾಗದ ಗಡಿಯಲ್ಲಿ ಧ್ವನಿವರ್ಧಕದ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ವಸತಿ ಪ್ರದೇಶದ ಹಗಲಿನ ಮಿತಿ 55, ಹಾಗಾಗಿ ಬಡಾವಣೆಯೊಳಗೆ ಸಿಗುವುದು 65 ಮಾತ್ರ. ಮೈಕೇ ಇಲ್ಲದ ಡ್ರಮ್ಸ್ ಸದ್ದೇ ಅದಕ್ಕಿಂತ ಜೋರು! ಸಣ್ಣ ಬೀದಿಯಲ್ಲಿ ಡ್ರಮ್ಸಿಗೆ ಮೈಕ್ ಇಡುವುದೇ ಬೇಡ, ಕಿಕ್‌ಗೊಂದು ಇದ್ದರೆ ಸಾಕು. ಕೋಲಿನ ಬದಲು ಬಿದಿರು ಕಡ್ಡಿಗಳನ್ನು ಕಟ್ಟಿದ ರಾಡ್ಸ್‌ನಿಂದ ನುಡಿಸಿದರೆ ಸದ್ದು ಎದ್ದು ಕಾಣುವಷ್ಟು ತಗ್ಗುತ್ತದೆ. ಡ್ರಮ್ಸ್ ಕೆಳಗೆ ಆರಡಿ ಚೌಕದ ಜಮಖಾನ ಹಾಸದಿದ್ದರೆ ಕಿಕ್ ಡ್ರಮ್ ಎರಡೇ ಹಾಡಿಗೆ ಪ್ಲೈವುಡ್ ಮೇಲೆ ಜಾರಿ ಗಾಯಕನ ಕಾಲಬುಡಕ್ಕೆ ಬಂದಿರುತ್ತದೆ.

ಗಿಟಾರ್ ವಾದಕರಿಗೂ ಒಂದು ಮಾತು. ಮನೆಯ ಕೋಣೆಯಲ್ಲಿ ಭಾರಿ ಅನ್ನಿಸುವ ಟೋನು, ಅಂದರೆ ಗೇನ್ (ಸದ್ದನ್ನು ಒರಟಾಗಿಸುವ ಗುಂಡಿ) ಪೂರ್ತಿ, ಬೇಸ್ ಪೂರ್ತಿ, ಮಿಡ್ (ನಡುವಿನ ಸ್ವರಗಳು) ಸೊನ್ನೆ, ವೇದಿಕೆಯಲ್ಲಿ ಬೇಸ್ ಗಿಟಾರ್ ಮತ್ತು ಸಿಂಬಲ್ ನಡುವೆ ಕರಗಿಹೋಗುತ್ತದೆ. ಗಿಟಾರ್ ಕೇಳುವುದು ಮಿಡ್‌ನಿಂದಲೇ. ಗೇನ್ ಅರ್ಧಕ್ಕಿಳಿಸಿ ಮಿಡ್ ಏರಿಸಿದರೆ ವಾಲ್ಯೂಮ್ ಮುಟ್ಟುವ ಅಗತ್ಯವೇ ಬೀಳದು. ಇನ್ನೊಂದು, ಆಂಪ್ಲಿಫೈಯರನ್ನು ನೆಲದ ಮೇಲಿಟ್ಟರೆ ಅದರ ಸದ್ದು ವಾದಕನ ಮೀನಖಂಡಕ್ಕೂ ಮೊದಲ ಸಾಲಿನ ಹಿರಿಯರ ಎದೆಗೂ ಬಡಿಯುತ್ತದೆ, ವಾದಕನ ಕಿವಿಗಲ್ಲ. ಕುರ್ಚಿಯ ಮೇಲಿಟ್ಟು ಕಿವಿಯತ್ತ ಓರೆ ಮಾಡಿದರೆ ಅವನೇ ವಾಲ್ಯೂಮ್ ಇಳಿಸುತ್ತಾನೆ.

ಮೈಕ್ ‘ಕುಂಯ್’ ಎನ್ನುವುದಕ್ಕೆ ಜನ ಆಪರೇಟರನ್ನು ಬೈಯುತ್ತಾರೆ. ಅರ್ಧ ಪಾಲು ಗಾಯಕನದ್ದು. ಹಾಡುವ ಮೈಕು ಮುಂದಿನ ಸದ್ದನ್ನು ಹಿಡಿದು ಹಿಂದಿನದನ್ನು ಬಿಡುವಂತೆ ಮಾಡಿರುವಂಥದ್ದು. ಅದರ ಜಾಲರಿಯ ಉಂಡೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಆ ಗುಣ ಹೋಗಿ ಎಲ್ಲ ಕಡೆಯಿಂದಲೂ ಹಿಡಿಯುತ್ತದೆ, ಎದುರಿನ ಮಾನಿಟರ್ ಸದ್ದೂ ಒಳಗೆ ಬರುತ್ತದೆ. ಮಾನಿಟರ್ ಇರಬೇಕಾದ್ದು ಮೈಕಿನ ಬಾಲದ ನೇರಕ್ಕೆ. ಮುಖ್ಯ ಸ್ಪೀಕರುಗಳು ಗಾಯಕರಿಗಿಂತ ಮುಂದಿರಬೇಕು. ಬಳಸದ ಮೈಕು ಮ್ಯೂಟ್ ಆಗಿರಬೇಕು, ಏಕೆಂದರೆ ತೆರೆದ ಮೈಕುಗಳು ದುಪ್ಪಟ್ಟಾದರೆ ಕೂಗುವ ಮುನ್ನ ಸಿಗುವ ವಾಲ್ಯೂಮ್ 3 ಡೆಸಿಬಲ್ ಕಡಿಮೆಯಾಗುತ್ತದೆ. ನಿರೂಪಕರ ಮೈಕನ್ನು ತೆರೆದೇ ಬಿಡುವ ಚಾಳಿ ನಮ್ಮಲ್ಲಿ ವಿಪರೀತ.

ಕಲ್ಯಾಣ ಮಂಟಪದಲ್ಲೋ ಅಮಾನಿಕೆರೆ ಬಳಿಯ ಗಾಜಿನ ಮನೆಯಂಥ ಕಟ್ಟಡದಲ್ಲೋ ಕಾರ್ಯಕ್ರಮವಾದರೆ ಇಷ್ಟೂ ಲೆಕ್ಕ ಬದಲಾಗುತ್ತದೆ. ಗಾಜು, ಗ್ರಾನೈಟು, ಟೈಲ್ಸು ಸದ್ದನ್ನು ಹೀರುವುದಿಲ್ಲ, ತಿರುಗಿಸಿ ಎಸೆಯುತ್ತವೆ. ಅಲ್ಲಿ ವೇಗದ ಹಾಡು ಕಲಸುಮೇಲೋಗರ. ಬೇಸ್ ಬಾಕ್ಸ್ ಒಂದನ್ನು ಬಿಚ್ಚಿಟ್ಟು, ವೇದಿಕೆಯ ಹಿಂದೆ ದಪ್ಪ ಪರದೆ ಇಳಿಬಿಟ್ಟು, ನಿಧಾನ ಗತಿಯ ಹಾಡುಗಳನ್ನು ಆರಿಸಿಕೊಳ್ಳುವುದೇ ದಾರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಕರೆಂಟು. ಗಿಟಾರ್ ಆಂಪ್ಲಿಫೈಯರಿನಲ್ಲಿ ‘ಹಮ್’ ಎಂಬ ಗುಂಯ್ಗುಡುವ ಸದ್ದು ಬಂದಾಗ ಪ್ಲಗ್ಗಿನ ದಪ್ಪ ಪಿನ್ನನ್ನು, ಅಂದರೆ ಅರ್ತನ್ನು, ಕಿತ್ತುಹಾಕುವವರಿದ್ದಾರೆ. ಹಮ್ ನಿಲ್ಲಲೂಬಹುದು. ಆದರೆ ಒಳಗೆ ಸೋರಿಕೆಯಿದ್ದರೆ ಗಿಟಾರಿನ ತಂತಿಗಳೇ ಕರೆಂಟ್ ತಂತಿಗಳಾಗುತ್ತವೆ. ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ, ನಡುವೆ ಎದೆ. ಗಿಟಾರ್ ಒಂದು ಫೇಸಿನಲ್ಲಿ, ಮಿಕ್ಸರ್ ಇನ್ನೊಂದರಲ್ಲಿ ಇದ್ದು ಎರಡರಲ್ಲೂ ಸೋರಿಕೆಯಾದರೆ ನಡುವೆ 400 ವೋಲ್ಟ್! ವೇದಿಕೆಯ ಮೇಲಿನ ವಾದ್ಯ, ಮಿಕ್ಸರ್, ಆಂಪ್ಲಿಫೈಯರ್ ಎಲ್ಲವೂ ಒಂದೇ ಫೇಸಿನಿಂದ, ಒಂದೇ ಅರ್ತಿನಿಂದ ಬರಬೇಕು, ಲೈಟಿಂಗ್ ಬೇರೆ ಫೇಸಿಗೆ ಹೋಗಲಿ. ಹಮ್ ಹೋಗಬೇಕೆಂದರೆ ಸದ್ದಿನ ಕೇಬಲ್ಲಿನ ಅರ್ತನ್ನು ಮಾತ್ರ ಬಿಡಿಸುವ, ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ. ಹಾಡುವ ಮುನ್ನ ಮಲ್ಟಿಮೀಟರಿನ ಒಂದು ಕಡ್ಡಿ ಮೈಕಿನ ಜಾಲರಿಗೆ, ಇನ್ನೊಂದು ಗಿಟಾರ್ ತಂತಿಗೆ ಹಿಡಿಯಿರಿ. ಸೊನ್ನೆಯ ಆಸುಪಾಸು ಇರಬೇಕು. ಅದಕ್ಕಿಂತ ಹೆಚ್ಚು ತೋರಿಸಿದರೆ ಕಾರಣ ಸಿಗುವವರೆಗೆ ಯಾರೂ ಮೈಕ್ ಮುಟ್ಟಬಾರದು. ವೇದಿಕೆಯ ಸಾಲಿಗೆ, ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಲೇಬೇಕು. ಭಾದ್ರಪದದ ಮಳೆಯಲ್ಲಿ ನೆನೆದ ಹಲಗೆಯ ಮೇಲೆ ಬರಿಗಾಲಲ್ಲಿ ನಿಲ್ಲುವವರಿರುತ್ತಾರೆ.

ಕಂಬಕ್ಕೆ ಕೊಕ್ಕೆ ಹಾಕುವುದು ಅಪರಾಧ, ಅದಿರಲಿ. ಕೊಕ್ಕೆಯ ನ್ಯೂಟ್ರಲ್ ಸಡಿಲವಾದರೆ ವೋಲ್ಟೇಜ್ ನೆಗೆದು ಇಡೀ ಸೆಟ್ಟೇ ಸುಟ್ಟುಹೋಗುತ್ತದೆ. ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಿರಿ, ಇಲ್ಲವೇ ಜನರೇಟರ್ ತನ್ನಿ. 15 ಕೆವಿಎ ಜನರೇಟರ್ ಎಂದರೆ 12 ಕಿಲೋವಾಟ್. ವೇದಿಕೆಗೆ ಹಳೆಯ 1000 ವಾಟಿನ ಪಾರ್ ಲೈಟ್ ಎಂಟು ಹಾಕಿದರೆ ಅವೇ 8 ಕಿಲೋವಾಟ್ ನುಂಗುತ್ತವೆ, ಎಲ್‌ಇಡಿ ಪಾರ್ ಆದರೆ ಎಂಟಕ್ಕೂ ಸೇರಿ ಒಂದೂಕಾಲರ ಸುಮಾರು. ತಂತಿಯ ದಪ್ಪವನ್ನು ಯಾರೂ ನೋಡುವುದಿಲ್ಲ. 2.5 ಚದರ ಮಿಮೀ ತಾಮ್ರದ ತಂತಿಯನ್ನು 60 ಮೀಟರ್ ಎಳೆದು 15 ಆಂಪಿಯರ್ ಹರಿಸಿದರೆ 13 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಸಂಜೆ ಮೊದಲೇ ಲೋ ವೋಲ್ಟೇಜ್ ಇದ್ದರೆ ಪ್ರತಿ ಕಿಕ್ ಹೊಡೆತಕ್ಕೂ ಸೌಂಡು ಕುಸಿದು, ಆಂಪ್ಲಿಫೈಯರ್ ಕ್ಲಿಪ್ ಆಗಿ (ಶಕ್ತಿ ಸಾಲದೆ ಸದ್ದು ಒಡೆದು) ಸ್ಪೀಕರಿನೊಳಗಿನ ತೆಳು ಸದ್ದಿನ ಟ್ವೀಟರ್ ಸುಡುತ್ತದೆ. 4 ಚದರ ಮಿಮೀ ತಂತಿಗೆ ನಷ್ಟ 8 ವೋಲ್ಟ್ ಅಷ್ಟೇ. ಮಿಕ್ಸರಿಗೂ ಕೀಬೋರ್ಡಿಗೂ ಸಣ್ಣದೊಂದು ಯುಪಿಎಸ್ ಇಟ್ಟರೆ ಕರೆಂಟ್ ಹೋಗಿ ಜನರೇಟರ್ ಹತ್ತುವಷ್ಟರಲ್ಲಿ ಸೆಟ್ಟಿಂಗ್ ಅಳಿಸಿಹೋಗುವುದಿಲ್ಲ.

ಶ್ರುತಿಯ ವಿಚಾರ ಬ್ಯಾಂಡಿನವರಿಗೇ ಬಿಟ್ಟದ್ದು, ಆದರೂ ಹೇಳಬೇಕು. ಹಿಂದೆ ಕ್ಯಾಸೆಟ್ ಕೇಳಿ ಹಾಡು ಕಲಿಯುತ್ತಿದ್ದ ಕಾಲದಲ್ಲಿ ಒಂದೊಂದು ಟೇಪ್ ರೆಕಾರ್ಡರ್ ಒಂದೊಂದು ವೇಗದಲ್ಲಿ ಓಡುತ್ತಿತ್ತು. ಇಬ್ಬರು ಬೇರೆ ಬೇರೆ ಮನೆಯಲ್ಲಿ ಕಲಿತು ಬಂದರೆ ಅದೇ ಹಾಡು ಕಾಲು ಸ್ವರ ಆಚೀಚೆ. ಈಗ ಟ್ಯೂನರ್ ಫೋನಿನಲ್ಲೇ ಇದೆ, ಆ ನೆಪ ಉಳಿದಿಲ್ಲ. ಮೂಲ ಗಾಯಕನ ಎತ್ತರಕ್ಕೆ ಗಂಟಲು ಏರದಿದ್ದರೆ ದಪ್ಪ ತಂತಿಯನ್ನು ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಬಿಳಿ ಮೂರರಿಂದ ಕಪ್ಪು ಎರಡಕ್ಕೆ, ಉಳಿದವನ್ನೂ ಅಷ್ಟೇ ಇಳಿಸಿ, ತಂತಿ ಸಡಿಲವಾಗದಂತೆ 9ರ ಬದಲು ತುಸು ದಪ್ಪದ 10ರ ಗೇಜು ಹಾಕಿಕೊಳ್ಳಲಿ. ಕೀಬೋರ್ಡಿನ ಶ್ರುತಿ ಏರಿಳಿಸುವ ಟ್ರಾನ್ಸ್‌ಪೋಸನ್ನು ಮುಂದಿನ ಹಾಡಿಗೆ ಸೊನ್ನೆಗೆ ತರಲು ಮರೆಯುವುದೇ ಹೆಚ್ಚು. ರಾಜ್ಯೋತ್ಸವದಲ್ಲಿ ನಡುವೆ ಕನ್ನಡ ಗೀತೆ ಬಂದಾಗ ಇದೇ ಬಯಲಾಗುವುದು.

ಕೊನೆಗೆ ಸಮಯ. ಕರಪತ್ರದಲ್ಲಿ 6.30 ಎಂದಿರುತ್ತದೆ. ದೀಪ ಬೆಳಗಿ, ಸ್ವಾಗತ, ಶಾಲು, ಪೇಟ, ಗಣ್ಯರ ಭಾಷಣ ಮುಗಿದು ಬ್ಯಾಂಡಿಗೆ ವೇದಿಕೆ ಸಿಗುವಾಗ ಒಂಬತ್ತೂಕಾಲು. ಬಯಲಲ್ಲಿ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು. ವರ್ಷಕ್ಕೆ 15 ದಿನ ಮೀರದಂತೆ ಸರ್ಕಾರ ಗೊತ್ತುಮಾಡಿದ ದಿನಗಳಲ್ಲಿ ಮಾತ್ರ 12ರವರೆಗೆ ಸಡಿಲಿಕೆ. ಹೀಗಾಗಿ ಸೌಂಡ್ ಚೆಕ್ ಮೊದಲ ಹಾಡಿನೊಳಗೇ ನಡೆಯುತ್ತದೆ, ಕೇಳುವವರಿಗೆ ಗದ್ದಲವೆನ್ನಿಸದೆ ಇನ್ನೇನು? ಡ್ರಮ್ಸ್ ಮತ್ತು ಆಂಪ್ಲಿಫೈಯರುಗಳನ್ನು ಮಧ್ಯಾಹ್ನ 4ಕ್ಕೇ ವೇದಿಕೆಯ ಹಿಂಭಾಗದಲ್ಲಿ ಜೋಡಿಸಲು ಬಿಡಿ. ಒಂದು ಗಂಟೆ ಚೆಕ್ ಮಾಡಿ, ಮಿಕ್ಸರ್ ಮೇಲೆ ಟೇಪಂಟಿಸಿ ಗುರುತು ಬರೆದಿಡಲಿ. ಅಷ್ಟು ಹೊತ್ತು ಸಿಗದಿದ್ದರೆ ಗಾಯಕನ ಮೈಕ್ ಮತ್ತು ಅವನ ಮಾನಿಟರ್ ಎರಡನ್ನಾದರೂ ಮೊದಲು ಸರಿಮಾಡಿಕೊಳ್ಳಲಿ, ಡ್ರಮ್ಸ್ ತನ್ನ ಪಾಡಿಗೆ ಕೇಳುತ್ತದೆ. ಸನ್ಮಾನ 7.30ಕ್ಕೆ ಮುಗಿಯುತ್ತದೆ ಎಂದು ಕರಪತ್ರದಲ್ಲೇ ಅಚ್ಚು ಹಾಕಿಸಿದರೆ ಗಣ್ಯರೂ ಬೇಗ ಬಂದಾರು.

– ಕೆಲವು ಬ್ಯಾಂಡ್ ವಾದಕರು, ತುಮಕೂರು